ನೀಲ್ ದ್ವೀಪಕ್ಕೂ ಬಂದ ಬಲೀಂದ್ರ

ನಮ್ಮ ಕಾಸರಗೋಡಿನ ಕಡೆ ದೀಪಾವಳಿ ಬಲೀಂದ್ರನ ಹಬ್ಬ. ಲಕ್ಷ್ಮೀಪೂಜೆ ಪೇಟೆಯ ಅಂಗಡಿಗಳಲ್ಲಿ ಜೋರು. ಮನೆಗಳಲ್ಲಿ ಬಲೀಂದ್ರನೇ ದೊಡ್ಡವನು. ವಾಮನ ತಲೆಯ ಮೇಲೆ ಹೆಜ್ಜೆಯಿಟ್ಟು ಪಾತಾಳಕ್ಕೆ ಕಳಿಸಿದ ಆ ರಾಜ ವರ್ಷಕ್ಕೊಮ್ಮೆ ತನ್ನ ಜನರನ್ನು ನೋಡಲು ಬರುತ್ತಾನೆ. ಅವನಿಗಾಗಿ ಅಂಗಳದಲ್ಲಿ ಹಾಲೆ ಮರದ ಗೂಟ ನೆಡುತ್ತೇವೆ. ಕಾಡುಹೂ ಸುತ್ತಿ, ಮೇಲೆ ದೀಪ ಇಡುತ್ತೇವೆ. ಅವಲಕ್ಕಿ, ಬೆಲ್ಲ, ತೆಂಗಿನಕಾಯಿ ಬಡಿಸುತ್ತೇವೆ. ಆಮೇಲೆ ಮನೆಯ ಹಿರಿಯರು ಅವನನ್ನು ಹೆಸರು ಹಿಡಿದು ಕರೆಯುತ್ತಾರೆ. ಉಳಿದವರೆಲ್ಲ ‘ಕೂ’ ಎಂದು ದನಿಗೂಡಿಸುತ್ತಾರೆ. ಗುಡ್ಡದ ಆಚೆ ಮನೆಯವರು ಕರೆದದ್ದು ನಮಗೆ ಕೇಳುತ್ತದೆ, ನಮ್ಮದು ಅವರಿಗೆ. ಅಷ್ಟಾದ ಮೇಲೆ ದೀಪ ಹಿಡಿದು ದನದ ಹಟ್ಟಿಗೆ, ಬಾವಿಕಟ್ಟೆಗೆ, ತೋಟಕ್ಕೆ, ಗೊಬ್ಬರದ ಗುಂಡಿಗೂ ಹೋಗಬೇಕು. ಬಂದ ರಾಜ ಎಲ್ಲವನ್ನೂ ನೋಡಬೇಕಲ್ಲ.

ಅಂಥ ದಿನ ಮನೆಗೆ ಬೀಗ ಹಾಕಿ ಹೊರಡುವುದನ್ನು ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ. ಆದರೂ ಕಳೆದ ದೀಪಾವಳಿಗೆ ನಾವು ಹೊರಟೆವು. ಕಾರಣ ನನ್ನ ತಮ್ಮ.

ಅವನಿಗೆ ಕೇಂದ್ರ ಸರ್ಕಾರದ ಕೆಲಸ. ಪೋರ್ಟ್ ಬ್ಲೇರಿಗೆ ವರ್ಗವಾದ ಮೇಲೆ ದೀಪಾವಳಿಗೆ ಊರಿಗೆ ಬರಲು ಆಗಲೇ ಇಲ್ಲ. ಒಮ್ಮೆ ರಜೆ ಇಲ್ಲ, ಒಮ್ಮೆ ಟಿಕೆಟ್ ಇಲ್ಲ, ಒಮ್ಮೆ ಹವಾಮಾನ ಸರಿಯಿಲ್ಲ. ಹಬ್ಬದ ಸಂಜೆ ಫೋನ್ ಮಾಡುತ್ತಿದ್ದ. ಅಮ್ಮ ಫೋನನ್ನು ಅಂಗಳದ ಕಡೆಗೆ ಹಿಡಿಯುತ್ತಿದ್ದರು, ಅಪ್ಪ ಕರೆಯುವುದು ಅವನಿಗೂ ಕೇಳಲಿ ಅಂತ. ಕಳೆದ ವರ್ಷ ಚೌತಿಯ ಹೊತ್ತಿಗೇ ಈ ಸಲವೂ ಆಗುವುದಿಲ್ಲ ಅಂದ. ಹಬ್ಬಕ್ಕೆ ಸಿಗುವ ನಾಲ್ಕು ದಿನದ ರಜೆಯಲ್ಲಿ ಕಾಸರಗೋಡು ಮುಟ್ಟಿ ವಾಪಸ್ ಹೋಗುವುದು ಕಷ್ಟ. ಅಮ್ಮ ಒಂದು ರಾತ್ರಿ ಯೋಚಿಸಿದರು. ಬೆಳಿಗ್ಗೆ ಕಾಫಿ ಕೊಡುವಾಗ ಹೇಳಿದರು, “ಅವನಿಗೆ ಬರಲಿಕ್ಕೆ ಆಗದಿದ್ದರೆ ನಾವೇ ಹೋಗುವ. ಹಬ್ಬ ಅಲ್ಲೇ ಮಾಡುವ.”

ಅಪ್ಪ ಸುಲಭಕ್ಕೆ ಒಪ್ಪಲಿಲ್ಲ. ದನಕ್ಕೆ ಹುಲ್ಲು ಹಾಕುವವರು ಯಾರು? ಗೋಪೂಜೆ ಯಾರು ಮಾಡುವುದು? ಬಲೀಂದ್ರ ಬಂದು ಬೀಗ ನೋಡಿ ತಿರುಗಿ ಹೋಗುವುದಾ? ಕೊನೆಗೆ ಕೆಳಗಿನ ಮನೆಯ ಅಣ್ಣ ಬಂದು, “ನೀವು ಹೋಗಿ ಬನ್ನಿ ಮಾವ. ನಿಮ್ಮ ಅಂಗಳದಲ್ಲಿ ನಾನೇ ದೀಪ ಇಟ್ಟು ಕರೀತೇನೆ” ಅಂದ ಮೇಲೆ ಅಪ್ಪನ ಮುಖ ಸಡಿಲವಾಯಿತು. ಬೀಗದ ಕೈ ಅವರ ಮನೆಗೆ ಹೋಯಿತು. ಹೊರಡುವ ಹಿಂದಿನ ದಿನ ಅಪ್ಪ ಹಟ್ಟಿಯಲ್ಲಿ ತುಂಬಾ ಹೊತ್ತು ನಿಂತಿದ್ದರು.

ಅಮ್ಮನ ಚೀಲದಲ್ಲಿ ಬಟ್ಟೆಗಿಂತ ಹಬ್ಬವೇ ಜಾಸ್ತಿ ಇತ್ತು. ಅವಲಕ್ಕಿ, ಬೆಲ್ಲ, ಮಣ್ಣಿನ ಹಣತೆ, ಹತ್ತಿಯ ಬತ್ತಿ, ಮನೆಯ ಗಾಣದೆಣ್ಣೆ, ಉದ್ದಿನಬೇಳೆ. ಪಟಾಕಿ, ಬೆಂಕಿಪೆಟ್ಟಿಗೆ ವಿಮಾನದಲ್ಲಿ ಬಿಡುವುದಿಲ್ಲ ಅಂತ ಗೊತ್ತಿತ್ತು, ಅದನ್ನು ಮುಟ್ಟಲಿಲ್ಲ. ಹಾಲೆ ಮರದ ಸಣ್ಣ ಗೂಟವೊಂದನ್ನು ಅಪ್ಪ ಕಡಿದಿಟ್ಟಿದ್ದರು. ಅದನ್ನು ಮಾತ್ರ ಬಿಟ್ಟು ಬರಬೇಕಾಯಿತು.

ಕಾಸರಗೋಡಿನಿಂದ ಚೆನ್ನೈಗೆ ರೈಲು, ಅಲ್ಲಿಂದ ಎರಡು ಗಂಟೆ ಚಿಲ್ಲರೆ ವಿಮಾನ. ಕೆಳಗೆ ಬರೀ ನೀರು. ಅಪ್ಪ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಅವರ ಅಜ್ಜಿಯ ಕಾಲದಲ್ಲಿ ಸಮುದ್ರ ದಾಟಿದರೆ ಜಾತಿ ಹೋಯಿತು ಅಂತಿದ್ದರಂತೆ. ಅಂಡಮಾನ್ ಅಂದರೆ ಕಾಲಾಪಾನಿ, ಹೋದವರು ಬರುವುದಿಲ್ಲ. ಬ್ರಿಟಿಷರು 1858ರಿಂದಲೇ ಇಲ್ಲಿಗೆ ಕೈದಿಗಳನ್ನು ತಂದು ಬಿಟ್ಟರು. ಸೆಲ್ಯುಲರ್ ಜೈಲಿನ ಕೆಲಸ 1896ರಲ್ಲಿ ಶುರುವಾಗಿ 1906ರಲ್ಲಿ ಮುಗಿಯಿತು. ಆ ಜೈಲನ್ನು ನಾವೂ ನೋಡಿದೆವು. ಏಳು ಸಾಲುಗಳಲ್ಲಿ ಈಗ ಮೂರು ಉಳಿದಿವೆ. ಒಂದು ಕೋಣೆಯ ಒಳಗೆ ಹೋಗಿ ನಿಂತ ಅಮ್ಮ ಹೆಚ್ಚು ಹೊತ್ತು ನಿಲ್ಲಲಾರದೆ ಹೊರಗೆ ಬಂದರು. “ಹಬ್ಬದ ದಿನ ಇವರಿಗೆ ದಿನ ಯಾವುದು ಅಂತಾದರೂ ಗೊತ್ತಾಗುತ್ತಿತ್ತಾ?” ಅಂತ ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ.

ಹೆಸರುಗಳ ಬಗ್ಗೆ ಒಂದು ಮಾತು. ಪೋರ್ಟ್ ಬ್ಲೇರ್ 2024ರ ಸೆಪ್ಟೆಂಬರಿನಲ್ಲಿ ಶ್ರೀ ವಿಜಯಪುರಂ ಆಯಿತು. ಹ್ಯಾವ್‌ಲಾಕ್ 2018ರ ಕೊನೆಯಲ್ಲೇ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ ಆಗಿದ್ದವು. ಅಲ್ಲಿನ ಜನರ ಬಾಯಲ್ಲಿ ಹಳೆಯ ಹೆಸರೇ ಹೆಚ್ಚು. ನಾನೂ ಹಾಗೇ ಬರೆಯುತ್ತೇನೆ.

ಪೋರ್ಟ್ ಬ್ಲೇರಿನಲ್ಲಿ ನಮಗೆ ಸಿಕ್ಕ ಡ್ರೈವರ್ ತಮ್ಮನ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದರು. ಅಪ್ಪ ನನ್ನ ಹತ್ತಿರ ಮಧ್ಯೆ ಒಂದು ಮಲಯಾಳ ಪದ ಬಳಸಿದ್ದೇ ತಡ, ಅವರು ಗಾಡಿ ನಿಧಾನ ಮಾಡಿ ಹಿಂದೆ ತಿರುಗಿದರು. ಅವರ ಮುತ್ತಜ್ಜ ಮಲಬಾರಿನವರು. 1921ರ ದಂಗೆಯ ಮೇಲೆ ಬ್ರಿಟಿಷರು ಹಿಡಿದು ಗಡೀಪಾರು ಮಾಡಿದವರಲ್ಲಿ ಒಬ್ಬರು. ಹಾಗೆ ಬಂದವರು ನೆಲೆಯಾದ ಹಳ್ಳಿಗಳಿಗೆ ಊರಿನ ಹೆಸರನ್ನೇ ಇಟ್ಟುಕೊಂಡರು. ದಕ್ಷಿಣ ಅಂಡಮಾನಿನಲ್ಲಿ ಕ್ಯಾಲಿಕಟ್ ಉಂಟು, ಮಂಜೇರಿ ಉಂಟು, ತಿರೂರ್, ವಂಡೂರ್ ಉಂಟು. ಬಸ್ಸಿನ ಬೋರ್ಡಿನಲ್ಲಿ ಈ ಹೆಸರುಗಳನ್ನು ನೋಡಿ ಮಗಳು, “ನಾವು ಊರಿಗೆ ವಾಪಸ್ ಬಂದೆವಾ?” ಅಂದಳು. ಅವರ ಮಲಯಾಳ ನಮ್ಮದಕ್ಕಿಂತ ಹಳೆಯದು, ನಮ್ಮ ಮಲಯಾಳದಲ್ಲಿ ಕನ್ನಡ, ತುಳು ಎಲ್ಲ ಸೇರಿಕೊಂಡಿದೆ. ಆದರೂ ಮಾತು ನಿಲ್ಲಲಿಲ್ಲ. ಇಳಿಯುವಾಗ ಬಾಡಿಗೆ ಕೊಡಲು ಹೋದರೆ ಕೈ ಹಿಂದೆ ತೆಗೆದುಕೊಂಡರು. ಬಹಳ ಒತ್ತಾಯ ಮಾಡಿ ಕೊಡಬೇಕಾಯಿತು.

ಅಪ್ಪನನ್ನು ಅಲ್ಲಿ ಹೆಚ್ಚು ಕಾಡಿದ್ದು ಸೂರ್ಯ. ಅಕ್ಷಾಂಶ ನೋಡಿದರೆ ನಮ್ಮ ಊರಿಗೂ ಅಂಡಮಾನಿಗೂ ಹೆಚ್ಚು ವ್ಯತ್ಯಾಸ ಇಲ್ಲ. ಹಾಗಾಗಿ ತೆಂಗು, ಅಡಿಕೆ, ಹಲಸು, ಬಾಳೆ ಎಲ್ಲ ನಮ್ಮವೇ. ಆದರೆ ರೇಖಾಂಶದಲ್ಲಿ ಹದಿನೇಳು ಡಿಗ್ರಿಗಿಂತ ಜಾಸ್ತಿ ಅಂತರ. ಒಂದು ಡಿಗ್ರಿಗೆ ನಾಲ್ಕು ನಿಮಿಷದ ಲೆಕ್ಕದಲ್ಲಿ ಅಲ್ಲಿ ಸೂರ್ಯ ಒಂದು ಗಂಟೆಗೂ ಮೊದಲೇ ಹುಟ್ಟುತ್ತಾನೆ, ಅಷ್ಟೇ ಬೇಗ ಮುಳುಗುತ್ತಾನೆ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಸಂಜೆ ಐದಕ್ಕೆ ಕತ್ತಲು ಬೀಳಲು ಶುರು. ನಮ್ಮಲ್ಲಿ ಆ ಹೊತ್ತಿಗೆ ಅಡಿಕೆ ಅಂಗಳದಲ್ಲಿ ಇನ್ನೂ ಬಿಸಿಲು ಇರುತ್ತದೆ. “ಹಾಗಾದರೆ ಬಲೀಂದ್ರ ಇಲ್ಲಿಗೆ ಮೊದಲು ಬರುತ್ತಾನೆ” ಅಂದರು ಅಪ್ಪ. ಇದು ಅವರಿಗೆ ದೊಡ್ಡ ಸಮಾಧಾನವಾಯಿತು. ಇಲ್ಲಿ ನಾವು ಕರೆದು ಮುಗಿಸಿದ ಮೇಲೆ ಅಲ್ಲಿ ಕೆಳಗಿನ ಮನೆಯ ಅಣ್ಣ ಕರೆಯುತ್ತಾರೆ. ರಾಜನಿಗೆ ಎರಡೂ ಕಡೆ ಹೋಗಲು ಸಮಯ ಉಂಟು.

ತಮ್ಮನಿಗೆ ಸಿಕ್ಕ ನಾಲ್ಕು ದಿನಕ್ಕೆ ವಾರದ ರಜೆಯೂ ಸೇರಿತು. ಅಷ್ಟರಲ್ಲಿ ಹ್ಯಾವ್‌ಲಾಕ್, ನೀಲ್ ಎರಡೂ ನೋಡುವ ಯೋಚನೆ. ಹ್ಯಾವ್‌ಲಾಕ್‌ನ ಹಳ್ಳಿಗಳಿಗೆ ಗೋವಿಂದ ನಗರ, ಶ್ಯಾಮ ನಗರ, ಕೃಷ್ಣ ನಗರ, ರಾಧಾ ನಗರ ಅಂತ ಹೆಸರು. ನೀಲ್‌ಗೆ ಹೋದರೆ ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ. ನರಕಾಸುರನನ್ನು ಕೊಂದ ಕೃಷ್ಣನೂ ಅಯೋಧ್ಯೆಗೆ ಮರಳಿದ ರಾಮನೂ ಒಂದೊಂದು ದ್ವೀಪ ಹಂಚಿಕೊಂಡ ಹಾಗೆ. ದೀಪಾವಳಿಗೆ ಬಂದವರಿಗೆ ಇದಕ್ಕಿಂತ ಬೇರೆ ಏನು ಬೇಕು ಅಂತ ಅಮ್ಮ ಹಿಗ್ಗಿದರು.

ಹ್ಯಾವ್‌ಲಾಕ್‌ನಲ್ಲಿ ಎಲ್ಲರೂ ಹೇಳುವ ರಾಧಾ ನಗರ ಬೀಚ್ ಚೆಂದವೇ. ಆದರೆ ನನಗೆ ಉಳಿದದ್ದು ಆ ರಾತ್ರಿಯ ನೀರು. ಅಮಾವಾಸ್ಯೆ ಹತ್ತಿರ ಬಂದಿತ್ತು. ಚಂದ್ರ ಇಲ್ಲದ ರಾತ್ರಿ ಸಮುದ್ರದಲ್ಲಿ ಬೆಳಕು ಕಾಣುತ್ತದೆ ಅಂತ ತಮ್ಮ ಕರೆದುಕೊಂಡು ಹೋದ. ನೀರಿನಲ್ಲಿರುವ ಬಹಳ ಸಣ್ಣ ಜೀವಿಗಳು ನೀರು ಅಲುಗಿದಾಗ ನೀಲಿಯಾಗಿ ಹೊಳೆಯುತ್ತವೆ. ಬೆಳದಿಂಗಳಿದ್ದರೆ ಅದು ಕಣ್ಣಿಗೆ ಸಿಗುವುದಿಲ್ಲ. ಮೊದಲು ಏನೂ ಕಾಣಲಿಲ್ಲ. ಟಾರ್ಚ್ ಆರಿಸಿ ಕಣ್ಣು ಕತ್ತಲೆಗೆ ಹೊಂದುವ ತನಕ ಕಾದೆವು. ಮಗಳು ಕೈ ಅದ್ದಿ ಎತ್ತಿದಳು. ಬೆರಳ ತುದಿಯಿಂದ ನೀಲಿ ಕಿಡಿಗಳು ಉದುರಿದವು. ಅಪ್ಪ ಪಂಚೆ ಎತ್ತಿ ಕಟ್ಟಿ ಮೊಣಕಾಲು ಮಟ್ಟದ ನೀರಿಗೆ ಇಳಿದರು. ನಾಲ್ಕು ಹೆಜ್ಜೆ ಆಚೆ, ನಾಲ್ಕು ಹೆಜ್ಜೆ ಈಚೆ. ಪ್ರತಿ ಹೆಜ್ಜೆಗೂ ಕಾಲ ಸುತ್ತ ಬೆಳಕು. ಎಷ್ಟು ಕರೆದರೂ ಮೇಲೆ ಬರಲಿಲ್ಲ.

ಮರುದಿನ ನೀಲ್‌ಗೆ ಹೋಗುವ ಬೋಟು ಮಳೆಗಾಳಿಯಿಂದ ತಡವಾಯಿತು. ಅಕ್ಟೋಬರಿನಲ್ಲಿ ಅಲ್ಲಿ ಹೀಗೇ. ಜೆಟ್ಟಿಯಲ್ಲಿ ಕೂತು ಅವಲಕ್ಕಿಯ ಕಟ್ಟು ಒದ್ದೆಯಾಗದ ಹಾಗೆ ನೋಡಿಕೊಳ್ಳುವುದೇ ಕೆಲಸ.

ನೀಲ್ ಸಣ್ಣ ದ್ವೀಪ. ಸೈಕಲ್ಲಿನಲ್ಲೇ ಸುತ್ತಬಹುದು. ಅಂಡಮಾನಿಗೆ ತರಕಾರಿ ಬೆಳೆದು ಕೊಡುವ ಊರು. ಗದ್ದೆ, ಬದನೆ ಸಾಲು, ಬಾಳೆ, ಅದರ ಹಿಂದೆ ಅಡಿಕೆ ಮರ. ನಾವು ಉಳಿದದ್ದು ಒಬ್ಬ ಬಂಗಾಳಿ ಹೆಂಗಸಿನ ಮನೆಯಲ್ಲಿ. ತಮ್ಮ ಅವರನ್ನು ಮಾಸಿ ಅನ್ನುತ್ತಾನೆ, ನಾವೂ ಹಾಗೇ ಕರೆದೆವು. ಎರಡು ಕೋಣೆ ಪ್ರವಾಸಿಗರಿಗೆ, ಉಳಿದದ್ದರಲ್ಲಿ ಅವರ ಸಂಸಾರ. ಮನೆಯ ಹಿಂದೆ ಹಟ್ಟಿ. ಅಪ್ಪ ಚೀಲ ಇಳಿಸಿದವರೇ ನೇರ ಹಟ್ಟಿಗೆ ಹೋದರು.

ಅದು ನೀರು ತುಂಬುವ ಸಂಜೆ. ಊರಿನಲ್ಲಾದರೆ ಬಚ್ಚಲ ಹಂಡೆಯನ್ನು ಹುಣಸೆಹುಳಿ ಹಾಕಿ ತಿಕ್ಕಿ, ಬಳ್ಳಿ ಸುತ್ತಿ, ರಂಗೋಲಿ ಎಳೆದು ಬಾವಿ ನೀರು ತುಂಬುತ್ತೇವೆ. ಇಲ್ಲಿ ಇದ್ದದ್ದು ನೀಲಿ ಬಣ್ಣದ ಪ್ಲಾಸ್ಟಿಕ್ ಡ್ರಮ್. ಅಮ್ಮ ಅದನ್ನೇ ತೊಳೆದರು. ಬೇಲಿಯಲ್ಲಿ ಹಬ್ಬಿದ್ದ ಯಾವುದೋ ಬಳ್ಳಿಯನ್ನು ನನ್ನ ಹೆಂಡತಿ ಮಾಸಿಯನ್ನು ಕೇಳಿ ಕೊಯ್ದು ತಂದು ಡ್ರಮ್ಮಿನ ಕುತ್ತಿಗೆಗೆ ಸುತ್ತಿದಳು. ಅರಿಶಿನ ಕುಂಕುಮ ಹಚ್ಚುವಾಗ ಮಾಸಿ ಬಂದು ನೋಡುತ್ತ ನಿಂತರು. ಅವರ ಕೈಯಲ್ಲಿ ಒಂದು ತಟ್ಟೆ, ತಟ್ಟೆಯ ತುಂಬ ಹಣತೆ.

ಅವರಿಗೆ ಅದು ಭೂತ ಚತುರ್ದಶಿ. ಕಾಳಿಪೂಜೆಯ ಹಿಂದಿನ ಸಂಜೆ. ಹದಿನಾಲ್ಕು ದೀಪ ಹಚ್ಚಬೇಕು, ಹದಿನಾಲ್ಕು ತಲೆಮಾರಿನ ಹಿರಿಯರಿಗೆ. ಮಧ್ಯಾಹ್ನ ಹದಿನಾಲ್ಕು ಬಗೆಯ ಸೊಪ್ಪು ಸೇರಿಸಿ ಬೇಯಿಸಿ ಉಣ್ಣುತ್ತಾರೆ. ಅಮ್ಮನಿಗೆ ಸೊಪ್ಪಿನ ಸುದ್ದಿ ಕೇಳಿ ಬಹಳ ಖುಷಿ. ಆಟಿ ತಿಂಗಳಲ್ಲಿ ನಾವು ಕೆಸುವು, ತಗತೆ ಅಂತ ಹುಡುಕಿ ತರುವುದಿಲ್ವಾ ಅಂತ ಹೇಳತೊಡಗಿದರು. ತಮ್ಮ ಅದನ್ನು ಹಿಂದಿಗೆ ತಿರುಗಿಸುವ ಮೊದಲೇ ಮಾಸಿ ತಲೆಯಾಡಿಸುತ್ತಿದ್ದರು. ಹೊಸ್ತಿಲಿಗೆ, ತುಳಸಿಗೆ, ಅಡುಗೆಮನೆಗೆ, ಬಾವಿಗೆ, ಹಟ್ಟಿಗೆ ಒಂದೊಂದು ದೀಪ ಹೋಯಿತು. ಒಂದನ್ನು ಅವರು ನಮ್ಮ ಡ್ರಮ್ಮಿನ ಪಕ್ಕ ಇಟ್ಟರು. ಯಾರೂ ಕೇಳಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಮಾಸಿ ನಮ್ಮ ಊರು ಯಾವುದು ಅಂತ ವಿಚಾರಿಸಿದರು. ಕೇರಳ ಅಂದ ತಮ್ಮ. ಹಾಗಾದರೆ ನೀವು ಮಾತಾಡುವುದು ಮಲಯಾಳವಾ? ಅಲ್ಲ, ಕನ್ನಡ. ಮತ್ತೆ ಕೇರಳ ಯಾಕೆ? ಕಾಸರಗೋಡಿನವರಿಗೆ ಇದು ಹೊಸ ಪ್ರಶ್ನೆ ಅಲ್ಲ. ಬೆಂಗಳೂರಿನಲ್ಲೂ ಕೇಳುತ್ತಾರೆ, ತಿರುವನಂತಪುರದಲ್ಲೂ ಕೇಳುತ್ತಾರೆ. ಅಪ್ಪ ಹೇಳಿದರು, ತಮ್ಮ ಹಿಂದಿಗೆ ತಂದ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಹೊಸದಾಗಿ ಎಳೆದಾಗ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಹೇಳಿತು, ಅದು ಆಗಲಿಲ್ಲ. ನಮ್ಮ ಅಜ್ಜ ಅದೇ ಮನೆಯಲ್ಲಿ, ಅದೇ ಜಗಲಿಯಲ್ಲಿ ಕೂತಿದ್ದರು. ರಾಜ್ಯ ಬದಲಾಯಿತು.

ಮಾಸಿ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. ಅವರ ಅಪ್ಪ ಅಮ್ಮ ಪೂರ್ವ ಬಂಗಾಳದ ಬಾರಿಸಾಲ್ ಕಡೆಯವರು. ದೇಶ ಒಡೆದ ಮೇಲೆ ಮನೆ ಬಿಟ್ಟು ಬಂದರು. ಶಿಬಿರದಲ್ಲಿ ಇದ್ದರು. 1949ರಿಂದ ಸರ್ಕಾರ ಅಂಥ ಕುಟುಂಬಗಳನ್ನು ಹಡಗಿನಲ್ಲಿ ಅಂಡಮಾನಿಗೆ ತಂದು ಗದ್ದೆ, ತೋಟಕ್ಕೆ ಜಾಗ ಕೊಟ್ಟು ನೆಲೆ ಮಾಡಿಸಿತು. ನೀಲ್‌ಗೆ ಇವರು ಬರುವಾಗ ಮಾಸಿ ಸಣ್ಣ ಹುಡುಗಿ. ದಟ್ಟ ಕಾಡು, ಜಿಗಣೆ, ಮಳೆ ಅಷ್ಟೇ ನೆನಪು. ಅವರ ಅಮ್ಮ ಸಾಯುವ ತನಕ ಬಾರಿಸಾಲಿನ ಕೊಳದ ಸುದ್ದಿ ಹೇಳುತ್ತಿದ್ದರಂತೆ. ಒಂದು ಸಲವಾದರೂ ಹೋಗಿ ನೋಡಬೇಕು ಅಂತ ಆಸೆ. ಆಗಲಿಲ್ಲ. “ನಿಮ್ಮ ಮೇಲೆ ಗೆರೆ ದಾಟಿ ಹೋಯಿತು, ಮನೆ ಉಳ್ಕೊಂಡಿತು. ನಮ್ಮದು ಮನೆಯೇ ಹೋಯಿತು” ಅಂದರು. ಬೇಸರದಿಂದ ಹೇಳಿದ್ದಲ್ಲ. ಲೆಕ್ಕ ಹೇಳಿದ ಹಾಗೆ ಹೇಳಿದರು, ಮತ್ತೆ ಅಪ್ಪನ ಎಲೆಗೆ ಅನ್ನ ಬಡಿಸಿದರು.

ಕಾಸರಗೋಡಿನ ಕನ್ನಡಿಗರ ಕಷ್ಟ ಸಣ್ಣದು ಅಂತ ನಾನು ಹೇಳುವುದಿಲ್ಲ. ಕಚೇರಿಯ ಅರ್ಜಿಯಿಂದ ಹಿಡಿದು ಮಕ್ಕಳ ಶಾಲೆಗೆ ಕನ್ನಡ ಗೊತ್ತಿರುವ ಮೇಷ್ಟ್ರು ಸಿಗುವ ತನಕ ನಾವು ದಿನಾ ಹೋರಾಡುತ್ತೇವೆ. ಅದು ಬೇಕಾದ ಹೋರಾಟ. ಆದರೆ ಆ ರಾತ್ರಿ ನಮ್ಮ ಜಗಲಿ ನನಗೆ ಬೇರೆ ರೀತಿ ಕಾಣಿಸಿತು. ಅದು ಇನ್ನೂ ನಮ್ಮ ಕೈಯಲ್ಲಿ ಉಂಟು. ಹಬ್ಬಕ್ಕೆ ವಾಪಸ್ ಹೋಗಲು ಒಂದು ಅಂಗಳ ಉಂಟು.

ಮರುದಿನ ನರಕ ಚತುರ್ದಶಿಯ ಬೆಳಿಗ್ಗೆ ಸೂರ್ಯ ಹುಟ್ಟುವ ಮೊದಲು ಎಣ್ಣೆಸ್ನಾನ ಆಗಬೇಕು. ಅಲ್ಲಿ ಐದೂಕಾಲಕ್ಕೆ ಸೂರ್ಯ ಹುಟ್ಟುವುದರಿಂದ ಅಮ್ಮ ನಮ್ಮನ್ನು ಮೂರೂವರೆಗೇ ಎಬ್ಬಿಸಿದರು. ಮಗಳು ಕಣ್ಣು ಮುಚ್ಚಿಕೊಂಡೇ ಮಣೆಯ ಮೇಲೆ ಕೂತಳು. ಆಮೇಲೆ ತಮ್ಮನ ಸರದಿ. ಮೂವತ್ತು ದಾಟಿದ ಗಂಡಸು, ಆಫೀಸಿನಲ್ಲಿ ಹತ್ತು ಜನರಿಗೆ ಹೇಳಿ ಕೆಲಸ ಮಾಡಿಸುವವನು, ಟವೆಲ್ ಸುತ್ತಿಕೊಂಡು ಅಮ್ಮನ ಮುಂದೆ ತಲೆ ಬಗ್ಗಿಸಿ ಕೂತ. ಅಮ್ಮ ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ನೆತ್ತಿಗೆ ಮುಟ್ಟಿಸಿದರು. ಆಮೇಲೆ ಅಂಗೈ ತುಂಬ ಎಣ್ಣೆ ತೆಗೆದು ತಟ್ಟತೊಡಗಿದರು. ನೆತ್ತಿ, ಕಿವಿಯ ಹಿಂದೆ, ಕುತ್ತಿಗೆ. ತುಂಬಾ ಹೊತ್ತು ತಟ್ಟಿದರು. “ಕೂದಲು ಎಷ್ಟು ಉದುರಿದೆ ನೋಡು, ಎಂತ ನೀರು ಮಾರಾಯ ಇಲ್ಲಿಯದ್ದು” ಅಂತ ಗದರುತ್ತಲೇ ಇದ್ದರು. ತಮ್ಮ ಒಂದು ಮಾತೂ ಆಡಲಿಲ್ಲ. ನಾನು ನೀರು ಬಿಸಿ ಮಾಡಲು ಆಚೆ ಹೋದೆ.

ಆ ರಾತ್ರಿ ಕಾಳಿಪೂಜೆ. ನೀಲ್ ಕೇಂದ್ರದ ಬಜಾರಿನ ಹತ್ತಿರ ಪೆಂಡಾಲ್. ಪೂಜೆ ಮಧ್ಯರಾತ್ರಿಗೆ. ಕಾಳಿಯ ಕೊರಳಿಗೆ ಕೆಂಪು ದಾಸವಾಳದ ಮಾಲೆ, ಎದುರು ಧಾಕ್ ಎಂಬ ಡೋಲಿನ ಬಡಿತ, ಕೆಂಡದ ಮೇಲೆ ಧೂಪ. ಭೂತಕೋಲ, ತೆಯ್ಯಂ ನೋಡಿ ಬೆಳೆದ ನಮಗೆ ಆ ಬಡಿತ ಮೈಗೆ ಗೊತ್ತು. ಅಮ್ಮ ಕೈಮುಗಿದು ನಿಂತವರು ಪ್ರಸಾದದ ಖಿಚಡಿ ಬರುವ ತನಕ ಕದಲಲಿಲ್ಲ.

ಮರುದಿನ ಬೆಳಿಗ್ಗೆ ಸಮುದ್ರ ಬಹಳ ದೂರ ಇಳಿದಿತ್ತು. ಅಮಾವಾಸ್ಯೆಗೆ ಉಬ್ಬರವೂ ಜೋರು, ಇಳಿತವೂ ಜೋರು. ಹೌರಾ ಬ್ರಿಡ್ಜ್ ಅಂತ ಅಲ್ಲಿನ ಬಂಗಾಳಿಗಳು ಕರೆಯುವ ಕಲ್ಲಿನ ಕಮಾನಿನ ತನಕ ನಡೆದೆವು. ಹವಳದ ಗುಂಡಿಗಳಲ್ಲಿ ಸಿಕ್ಕಿಕೊಂಡ ಮೀನುಗಳನ್ನು ಮಗಳು ಎಣಿಸಿದಳು. ಒಂದು ಚಿಪ್ಪು ಹೆಕ್ಕಿದಳು, ವಾಪಸ್ ಇಡಿಸಿದೆವು. ಅಂಡಮಾನಿನಿಂದ ಪರವಾನಗಿ ಇಲ್ಲದೆ ಚಿಪ್ಪು, ಹವಳ ಒಯ್ಯುವ ಹಾಗಿಲ್ಲ, ಸತ್ತದ್ದಾದರೂ ಸರಿ.

ನಡೆಯುವಾಗ ಅವಳು ತುಂಬ ದಿನದಿಂದ ಇಟ್ಟುಕೊಂಡ ಪ್ರಶ್ನೆ ಕೇಳಿದಳು. ಶಾಲೆಯಲ್ಲಿ ಓಣಂಗೆ ಹೂವಿನ ರಂಗೋಲಿ ಹಾಕಿ ಮಾವೇಲಿಯನ್ನು ಕರೆಯುತ್ತಾರೆ. ಮನೆಯಲ್ಲಿ ದೀಪಾವಳಿಗೆ ಬಲೀಂದ್ರನನ್ನು ಕರೆಯುತ್ತೇವೆ. “ಇಬ್ಬರೂ ಒಬ್ಬನೇ ಅಲ್ವಾ ಅಜ್ಜಿ? ವರ್ಷಕ್ಕೆ ಒಂದೇ ಸಲ ಬರುವುದು ಅಂತ ಹೇಳ್ತೀರಿ. ಮತ್ತೆ ಎರಡು ಸಲ ಹೇಗೆ?” ಅಮ್ಮ ಸ್ವಲ್ಪ ಹೊತ್ತು ಸುಮ್ನೆ ನಡೆದರು. “ನಮ್ಮ ಊರಿಗೆ ಎರಡು ದಾರಿ ಉಂಟಲ್ಲ ಮಗಾ. ಒಮ್ಮೆ ತೆಂಕಿನಿಂದ ಬರುತ್ತಾನೆ, ಒಮ್ಮೆ ಬಡಗಿನಿಂದ.” ನಾನು ಈ ಉತ್ತರವನ್ನು ಎಲ್ಲೂ ಓದಿರಲಿಲ್ಲ. ಗಡಿಯ ಊರಿನಲ್ಲಿ ಹುಟ್ಟಿದ್ದಕ್ಕೆ ನಮಗೆ ಸಿಕ್ಕಿದ್ದು ಏನು ಅಂತ ಯಾರಾದರೂ ಕೇಳಿದರೆ ಇನ್ನು ಮುಂದೆ ಇದನ್ನೇ ಹೇಳುತ್ತೇನೆ.

ಸಂಜೆಗೆ ಬಲೀಂದ್ರ. ಹಾಲೆ ಮರ ಬೇಕು ಅಂತ ಅಪ್ಪನ ಮನಸ್ಸು. ಆಟಿ ಅಮಾವಾಸ್ಯೆಗೆ ಕಷಾಯ ಮಾಡುವುದೂ ಅದರ ತೊಗಟೆಯಿಂದ, ಬಲೀಂದ್ರನಿಗೆ ಗೂಟವೂ ಅದರದ್ದೇ. ಆದರೆ ಪರವೂರಿನ ಕಾಡಿಗೆ ಕತ್ತಿ ಹಿಡಿದು ಹೋಗುವುದು ಸರಿಯಲ್ಲ ಅಂತ ಅವರೇ ಬಿಟ್ಟರು. ಮಾಸಿಯ ಮಗ ತೋಟದಿಂದ ಹಳೆಯ ಅಡಿಕೆ ಮರದ ದಬ್ಬೆ ತಂದುಕೊಟ್ಟ. ಅಪ್ಪ ಅದನ್ನು ತೊಳೆದು ಅಂಗಳದಲ್ಲಿ ನೆಟ್ಟರು. ತುದಿಯಲ್ಲಿ ತೆಂಗಿನ ಗೆರಟೆ ಕೂರಿಸಿ ಅದರಲ್ಲಿ ಊರಿನಿಂದ ತಂದ ಹಣತೆ ಇಟ್ಟರು. ಕಾಳಿಗೆ ಕೊಯ್ದು ಉಳಿದ ದಾಸವಾಳ ಗೂಟಕ್ಕೆ ಬಂತು. ಎಲೆಯಲ್ಲಿ ಅವಲಕ್ಕಿ, ಬೆಲ್ಲ, ಕಾಯಿತುರಿ. ಅದನ್ನು ನೋಡಿ ಮಾಸಿಗೆ ಆಶ್ಚರ್ಯ. ಅವರಲ್ಲೂ ಅವಲಕ್ಕಿ ಬೆಲ್ಲ ಉಂಟು. ತೆಂಗಿನಕಾಯಿ ಬೆಲ್ಲ ಕಾಯಿಸಿ ಮಾಡಿದ ಉಂಡೆ ತಂದು ಎಲೆಯ ಬದಿಯಲ್ಲಿ ಇಟ್ಟರು.

ಐದೂವರೆಗೆ ಪೂರ್ತಿ ಕತ್ತಲು. ಅಪ್ಪ ದೀಪ ಹಚ್ಚಿ ಎದುರು ನಿಂತರು. ನಮ್ಮ ಮನೆಯಲ್ಲಿ ಕರೆಯುವುದು ತುಳುವಿನಲ್ಲಿ. ಬಲಿ ತನ್ನ ರಾಜ್ಯಕ್ಕೆ ಯಾವಾಗ ಪೂರ್ತಿಯಾಗಿ ವಾಪಸ್ ಬರಬಹುದು ಅಂತ ಕೇಳಿದಾಗ ಸಿಕ್ಕ ಷರತ್ತುಗಳೆಲ್ಲ ಆ ಕರೆಯಲ್ಲಿ ಬರುತ್ತವೆ. ಉಪ್ಪು ಕರ್ಪೂರ ಆದಾಗ ಬಾ. ಉದ್ದು ಮದ್ದಳೆ ಆದಾಗ ಬಾ. ತುಂಬೆ ಗಿಡದ ಅಡಿಯಲ್ಲಿ ಕೂಟ ಸೇರಿದಾಗ ಬಾ. ಒಂದೂ ಆಗುವ ಮಾತಲ್ಲ. ಚಿಕ್ಕಂದಿನಲ್ಲಿ ನನಗೆ ಇದು ಕೇಳಲು ಚೆಂದ, ಅಷ್ಟೇ. ಆ ಸಂಜೆ ಮೊದಲ ಸಲ ಅದರ ಕ್ರೌರ್ಯ ಅರ್ಥವಾಯಿತು. ಬಾ ಅಂತ ಹೇಳಿ ಬರಲಾಗದ ಹಾಗೆ ಮಾಡಿದ್ದು. ಬಾರಿಸಾಲಿನ ಕೊಳ ನೋಡದೆ ಸತ್ತ ಮಾಸಿಯ ಅಮ್ಮನಿಗೂ ಇಂಥದೇ ಷರತ್ತು ಇತ್ತಲ್ಲ. ಆದರೂ ನಮ್ಮ ಹಿರಿಯರು ಷರತ್ತಿನ ಪಟ್ಟಿ ಮುಗಿಯುವ ತನಕ ಕಾಯಲಿಲ್ಲ. ವರ್ಷ ವರ್ಷ ದೀಪ ಹಚ್ಚಿ ಕರೆದರು, ಉಪ್ಪು ಉಪ್ಪಾಗಿಯೇ ಇರುವಾಗ.

“ಬಲೀಂದ್ರಾ...” ಅಂದರು ಅಪ್ಪ.

ತಮ್ಮನೇ ಮೊದಲು ‘ಕೂ’ ಅಂದ. ನಾವೆಲ್ಲ ಸೇರಿದೆವು. ಊರಿನಲ್ಲಾದರೆ ಇಷ್ಟು ಹೊತ್ತಿಗೆ ಗುಡ್ಡದ ಆಚೆಯಿಂದ ಇನ್ನೊಂದು ಮನೆಯ ಕೂಗು ಬರಬೇಕು. ಇಲ್ಲಿ ಆಚೆ ಸಮುದ್ರ. ಎರಡನೇ ಸಲ ಅಪ್ಪ ಕರೆದಾಗ ಜಗಲಿಯಲ್ಲಿದ್ದ ಮಾಸಿಯ ಮೊಮ್ಮಕ್ಕಳು ಜೋರಾಗಿ ‘ಕೂ’ ಅಂದರು. ಮೂರನೇ ಸಲಕ್ಕೆ ಪಕ್ಕದ ಮನೆಯ ಮಕ್ಕಳೂ ಬೇಲಿ ಹತ್ತಿ ಕೂಗಿದರು. ಅಪ್ಪನ ಮುಖ ಅರಳಿತು. ನಮ್ಮಲ್ಲಿ ಮೂರೇ ಸಲ. ಅಪ್ಪ ಆ ಸಂಜೆ ನಾಲ್ಕನೇ ಸಲವೂ ಕರೆದರು, ಮಕ್ಕಳಿಗೋಸ್ಕರ.

ಆಮೇಲೆ ದೀಪ ಹಿಡಿದು ಹಟ್ಟಿಗೆ, ಬಾವಿಗೆ, ಬದನೆ ಸಾಲಿಗೆ, ಅಡಿಕೆ ಬುಡಕ್ಕೆ ಹೋದರು. ಮಾಸಿಯೂ ಹಿಂದೆ ಹೋದರು. ಇದು ನಿಮ್ಮ ರಾಜನಿಗೆ ತೋರಿಸುವುದಾ ಅಂತ ಕೇಳಿದರು. ಹೌದು, ನೀವು ಹೇಗೆ ಬೆಳೆದಿದ್ದೀರಿ ಅಂತ ಅವನು ನೋಡಬೇಕು ಅಂದರು ಅಪ್ಪ. ಹಾಗಾದರೆ ಆ ತುದಿಯ ಗದ್ದೆಯನ್ನೂ ತೋರಿಸಿ, ಅದನ್ನು ಕಾಡು ಕಡಿದು ಮಾಡಿದ್ದು ನಮ್ಮಪ್ಪ ಅಂದರು ಮಾಸಿ. ಇಬ್ಬರೂ ಗದ್ದೆಯ ಬದುವಿನಲ್ಲಿ ದೀಪ ಹಿಡಿದು ಹೋಗುವುದನ್ನು ನಾವು ಅಂಗಳದಿಂದ ನೋಡಿದೆವು.

ರಾತ್ರಿ ಏಳರ ಹೊತ್ತಿಗೆ ನೆಟ್‌ವರ್ಕ್ ಸಿಕ್ಕಿತು. ಕೆಳಗಿನ ಮನೆಯ ಅಣ್ಣ ವಾಟ್ಸ್‌ಆ್ಯಪ್‌ನಲ್ಲಿ ದನಿ ಕಳಿಸಿದ್ದರು. ನಮ್ಮದೇ ಅಂಗಳದಲ್ಲಿ ಅವರು ಕರೆಯುವುದು, ಅವರ ಮನೆಯವರ ಕೂಗು, ಅದರ ಹಿಂದೆ ಗುಡ್ಡದ ಆಚೆಯವರ ಕೂಗು. ನಡುವೆ ನಮ್ಮ ದನ ಒಮ್ಮೆ ಕೂಗಿದ್ದೂ ಸಿಕ್ಕಿತ್ತು. ಅಪ್ಪ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದರು. ಹುಲ್ಲು ಹಾಕಿದ್ದಾರೆ, ಹಸಿವಿನ ಕೂಗಲ್ಲ ಅಂತ ತೀರ್ಮಾನ ಮಾಡಿದರು.

ಪಾಡ್ಯದ ಬೆಳಿಗ್ಗೆ ಗೋಪೂಜೆ. ಹೆಂಡತಿ ಹಿಂದಿನ ರಾತ್ರಿಯೇ ಮಾಸಿಯ ಮಿಕ್ಸಿಯಲ್ಲಿ ಉದ್ದು ಅಕ್ಕಿ ಅರೆದಿಟ್ಟಿದ್ದಳು. ದೋಸೆ ಹೊಯ್ದು ಬಾಳೆಹಣ್ಣಿನ ಜೊತೆ ಹಟ್ಟಿಗೆ ಒಯ್ದೆವು. ಅಪ್ಪ ದನದ ಮೈ ತೊಳೆದು ಹಣೆಗೆ ಕುಂಕುಮ ಹಚ್ಚಿ ಕೊರಳಿಗೆ ಹೂ ಹಾಕಿದರು. ಮಾಸಿಯ ಗದ್ದೆಯಲ್ಲಿ ಕೆಲಸಕ್ಕೆ ಬರುವ ರಾಂಚಿ ಕಡೆಯ ಹಿರಿಯರೊಬ್ಬರು ಅಲ್ಲಿದ್ದರು. ಛೋಟಾನಾಗಪುರದಿಂದ ಕೂಲಿಗೆ ಬಂದು ಅಂಡಮಾನಿನಲ್ಲೇ ಉಳಿದ ಜನ ಬಹಳ. ಅವರು ಏನೂ ಕೇಳಲಿಲ್ಲ. ಒಳಗೆ ಹೋಗಿ ಎಣ್ಣೆ ತಂದು ದನದ ಕೊಂಬಿಗೆ ಹಚ್ಚತೊಡಗಿದರು. ಅವರ ಊರಿನಲ್ಲಿ ಇದು ಸೊಹರಾಯಿ ಹಬ್ಬವಂತೆ, ದೀಪಾವಳಿಯ ಮರುದಿನ ದನಗಳಿಗೇ ಹಬ್ಬ. ಒಂದು ಕೊಂಬಿಗೆ ಅವರು, ಇನ್ನೊಂದಕ್ಕೆ ಅಪ್ಪ ಎಣ್ಣೆ ಹಚ್ಚಿದರು. ದನ ಮೊದಲು ದೋಸೆ ಮೂಸಿ ನೋಡಿತು. ಆಮೇಲೆ ತಿಂದದ್ದೇ ತಿಂದದ್ದು. ನಮಗೆ ಅಂತ ಹೊಯ್ದ ದೋಸೆಯೂ ಅದಕ್ಕೇ ಹೋಯಿತು.

ನಾವು ಹೊರಡುವಾಗ ಮಾಸಿ ಅಮ್ಮನ ಕೈಹಿಡಿದು ಏನೋ ಹೇಳಿದರು, ಬಂಗಾಳಿಯಲ್ಲಿ. ಅಮ್ಮ ಕನ್ನಡದಲ್ಲಿ ಉತ್ತರ ಕೊಟ್ಟರು. ಆಮೇಲೆ ಇಬ್ಬರೂ ಫೋನಿನಲ್ಲೂ ಹಾಗೇ ಮಾತಾಡುತ್ತಾರೆ. ಬದನೆಗೆ ಹುಳ ಬಿದ್ದದ್ದು, ಮೊಮ್ಮಗನಿಗೆ ಜ್ವರ ಬಂದದ್ದು ಎಲ್ಲ ಅಮ್ಮನಿಗೆ ಗೊತ್ತು. ಈ ಓಣಂಗೆ ಮಗಳು ಅಂಗಳದಲ್ಲಿ ಹಾಕಿದ ಹೂವಿನ ರಂಗೋಲಿಯ ಫೋಟೋ ಕಳಿಸಿದಾಗ, ನಿಮ್ಮ ರಾಜ ಬಂದನಾ ಅಂತ ಮಾಸಿ ಕೇಳಿದ್ದರು.

ಈ ಸಲ ದೀಪಾವಳಿಗೆ ತಮ್ಮನಿಗೆ ರಜೆ ಸಿಕ್ಕಿದೆ. ಮಾಸಿಯನ್ನೂ ಕರೆದುಕೊಂಡು ಬರುತ್ತಾನೆ. ಅಲ್ಲಿಯ ಹದಿನಾಲ್ಕು ದೀಪ ಸೊಸೆ ಹಚ್ಚುತ್ತಾಳಂತೆ. ಅಪ್ಪ ಹಾಲೆ ಮರದ ಗೂಟ ಎಲ್ಲಿಂದ ತರುವುದು ಅಂತ ಈಗಲೇ ನೋಡಿಟ್ಟಿದ್ದಾರೆ. ಮೊನ್ನೆ ಫೋನಿನಲ್ಲಿ ಮಾಸಿ ಒಂದೇ ವಿಷಯ ವಿಚಾರಿಸಿದರು, ರೈಲು ಕಾಸರಗೋಡಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ. ಎರಡೇ ನಿಮಿಷ, ಸಾಮಾನು ಜಾಸ್ತಿ ತರಬೇಡಿ ಅಂದರು ಅಮ್ಮ. ಮಾಸಿ ಒಂದು ಚೀಲ ಮಾತ್ರ, ಅದರಲ್ಲಿ ಬದನೆಕಾಯಿ ಅಂದರು.